ರಾಡಿನ ಮೇಲಿನ ಲೋಳೆಯೂ ರಿಪೋರ್ಟಿನ ‘ಎಸ್’ ಅಕ್ಷರವೂ

ನಮ್ಮ ಮೈಕ್ರೋಬಯಾಲಜಿ ವಿಭಾಗದ ಕಿಟಕಿಗೆ ಕಲ್ಚರ್ ರಿಪೋರ್ಟು ಹಿಡಿದು ಬರುವವರ ದೂರು ಬಹುಮಟ್ಟಿಗೆ ಒಂದೇ. ಕಾಲು ಮುರಿದು ರಾಡು ಹಾಕಿಸಿಕೊಂಡವರ ಗಾಯ ಮೇಲ್ನೋಟಕ್ಕೆ ಮಾಯ್ದಿರುತ್ತದೆ, ತಿಂಗಳುಗಳ ಬಳಿಕ ಸಣ್ಣ ತೂತೊಂದರಿಂದ ಕೀವು ಜಿನುಗತೊಡಗುತ್ತದೆ. ಕೀವಿನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಪಟ್ಟಿಯಲ್ಲಿರುವ ಹೆಚ್ಚಿನ ಔಷಧಿಗಳ ಎದುರು ‘ಎಸ್’, ಅಂದರೆ ಸೆನ್ಸಿಟಿವ್ (ಆ ಔಷಧಿಗೆ ಮಣಿಯುವಂಥದ್ದು), ಎಂದು ಬರೆದಿರುತ್ತದೆ. ಮಾತ್ರೆ ನುಂಗುವಷ್ಟು ದಿನ ಕೀವು ನಿಲ್ಲುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ರಾಡು ತೆಗೆಯಬೇಕಾಗಬಹುದು ಎಂದು ಮೂಳೆ ಡಾಕ್ಟರು ಹೇಳಿದೊಡನೆ ಮನೆಯವರು ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. “ಎಲ್ಲಾದಕ್ಕೂ ಎಸ್ ಅಂತ ನೀವೇ ಬರ್ದಿದೀರಲ್ಲ ಮೇಡಂ, ಇನ್ನೂ ಪವರ್ ಇರೋ ಇಂಜೆಕ್ಷನ್ ಕೊಟ್ರೆ ಆಯ್ತಪ್ಪ, ಮತ್ತೆ ಯಾಕೆ ಆಪರೇಷನ್?” ಎಂದು ಹಿರಿಯರೊಬ್ಬರು ಮಗನ ರಿಪೋರ್ಟನ್ನು ಕಿಟಕಿಯ ಕಟ್ಟೆಯ ಮೇಲೆ ಹರಡಿ ಕೇಳಿದ್ದರು. ಮೊದಲ ಆಪರೇಷನ್ನಿನ ಸಾಲವೇ ತೀರದವರ ಈ ಸಿಟ್ಟು ನ್ಯಾಯವಾದದ್ದೇ. ವೈದ್ಯಕೀಯ ಓದಿದವರೂ ಇದನ್ನೇ ಕೇಳಿದಾಗ ಮಾತ್ರ ನನ್ನ ತಾಳ್ಮೆ ಕೆಡುತ್ತದೆ.

ಆ ‘ಎಸ್’ ಎಲ್ಲಿಂದ ಬಂತೆಂದು ನೋಡಬೇಕು. ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಸಲೈನಿನಲ್ಲಿ ಕದಡಿ, ಮಿಲಿಲೀಟರಿಗೆ ಸುಮಾರು 15 ಕೋಟಿ ಜೀವಕೋಶಗಳಿರುವಷ್ಟು ಮಬ್ಬಿಗೆ ತಂದು, ಅಗಾರ್ ಎಂಬ ಜೆಲ್ಲಿ ತುಂಬಿದ ತಟ್ಟೆಯ ಮೇಲೆ ಸವರುತ್ತೇವೆ. ಅದರ ಮೇಲೆ ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನಿಟ್ಟು, 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇರಿಸಿ, ಮರುದಿನ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಉಳಿದ ವೃತ್ತವನ್ನು ಅಳೆಯುತ್ತೇವೆ. ಸ್ಟ್ಯಾಫಿಲೊಕಾಕಸ್ ಆರಿಯಸ್‌ಗೆ ಸೆಫಾಕ್ಸಿಟಿನ್ ಬಿಲ್ಲೆಯ ಸುತ್ತ 22 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಪೆನಿಸಿಲಿನ್ ವಂಶದ ಮೆಥಿಸಿಲಿನ್‌ಗೆ ಮಣಿಯುವ ತಳಿ, 21 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮಣಿಯದ ತಳಿ, ಅಂದರೆ ಎಂಆರ್‌ಎಸ್‌ಎ. ಈ ಪರೀಕ್ಷೆ ನಂಬತಕ್ಕದ್ದೇ. ಆದರೆ ಪರೀಕ್ಷೆಗೊಳಗಾದವು ಹೊಟ್ಟೆ ತುಂಬ ಆಹಾರವಿದ್ದು, ಬಿಡಿಬಿಡಿಯಾಗಿ, ಭರದಿಂದ ಇಮ್ಮಡಿಸುತ್ತಿರುವ ಬ್ಯಾಕ್ಟೀರಿಯಾಗಳು. ರಾಡಿನ ಮೇಲೆ ಕುಳಿತವು ಆ ಸ್ಥಿತಿಯಲ್ಲಿಲ್ಲ.

ಲೋಹ ದೇಹದೊಳಗೆ ಹೋದ ಕೂಡಲೇ ರಕ್ತದ ಫೈಬ್ರಿನೋಜನ್ ಮುಂತಾದ ಪ್ರೋಟೀನುಗಳು ಅದರ ಮೈಗೆ ಅಂಟಿಕೊಳ್ಳುತ್ತವೆ, ಅವುಗಳನ್ನು ಹಿಡಿದು ಸ್ಟ್ಯಾಫಿಲೊಕಾಕಸ್ ನೆಲೆಯೂರುತ್ತದೆ. ಆಮೇಲೆ ಸಕ್ಕರೆಯ ಸರಪಳಿ, ಪ್ರೋಟೀನು, ಸತ್ತ ಒಡನಾಡಿಗಳ ಡಿಎನ್‌ಎ ಇವೆಲ್ಲ ಬೆರೆತ ಲೋಳೆಯೊಳಗೆ ಪದರ ಪದರವಾಗಿ ಹುದುಗಿಕೊಳ್ಳುತ್ತದೆ. ಬಯೋಫಿಲ್ಮ್ ಎಂದರೆ ಇದು. ಹಲ್ಲಿನ ಮೇಲೆ ಕಟ್ಟುವ ಪಾಚಿಯೂ ಇದೇ ಜಾತಿಯದು. ಔಷಧಿ ಲೋಳೆಯೊಳಗೆ ಇಳಿಯುವುದೇ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಎಷ್ಟೋ ಔಷಧಿಗಳು ಇಳಿಯುತ್ತವೆ. ಒಳಪದರದಲ್ಲಿ ಆಮ್ಲಜನಕವೂ ಆಹಾರವೂ ಸಾಲದೆ ಬ್ಯಾಕ್ಟೀರಿಯಾ ಬೆಳೆಯುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿರುತ್ತದೆ ಎಂಬುದೇ ದೊಡ್ಡ ತೊಡಕು. ಪೆನಿಸಿಲಿನ್ ವಂಶದ ಔಷಧಿಗಳು ಕೊಲ್ಲುವುದು ಹೊಸ ಕೋಶಭಿತ್ತಿ ಕಟ್ಟುತ್ತಿರುವವನ್ನು. ಕಟ್ಟುವ ಕೆಲಸವನ್ನೇ ನಿಲ್ಲಿಸಿದ್ದನ್ನು ಅವು ಕೊಲ್ಲಲಾರವು.

ಇದನ್ನು ಮತ್ತೊಮ್ಮೆ ಹೇಳುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಇದು ರೆಸಿಸ್ಟೆನ್ಸ್, ಅಂದರೆ ಔಷಧಿಯನ್ನೇ ಎದುರಿಸಿ ಬೆಳೆಯುವ ಗುಣ, ಅಲ್ಲ. ಇಂಗ್ಲೆಂಡಿನಲ್ಲಿ 1961ರಲ್ಲಿ ಪೆಟ್ರೀಷಿಯಾ ಜೆವನ್ಸ್ ವರದಿ ಮಾಡಿದ ಎಂಆರ್‌ಎಸ್‌ಎ ತಳಿಗಳ ರೆಸಿಸ್ಟೆನ್ಸ್ ಹುಟ್ಟುಗುಣವಾಗಿ ಸಂತತಿಗೆ ಸಾಗುವಂಥದ್ದು. ಮೆಕ್-ಎ ಎಂಬ ಜೀನ್ ಅದಕ್ಕೆ ಕಾರಣ, ನಮ್ಮ ತಟ್ಟೆಯಲ್ಲಿ ಅದು ಕಂಡೇ ಕಾಣುತ್ತದೆ. ಬಯೋಫಿಲ್ಮಿನೊಳಗಿನ ಸಹನೆ ಕೇವಲ ಸ್ಥಿತಿಯದು. ಡಬ್ಲಿನ್ನಿನ ಜೋಸೆಫ್ ಬಿಗ್ಗರ್ 1944ರಲ್ಲಿಯೇ ಪೆನಿಸಿಲಿನ್‌ಗೆ ಸಾಯದೆ ಉಳಿದ ಬೆರಳೆಣಿಕೆಯ ಸ್ಟ್ಯಾಫಿಲೊಕಾಕಸ್‌ಗಳನ್ನು ಮತ್ತೆ ಬೆಳೆಸಿ ನೋಡಿದ್ದರು. ಅವುಗಳ ಸಂತತಿ ಮೊದಲಿನಷ್ಟೇ ಸುಲಭವಾಗಿ ಪೆನಿಸಿಲಿನ್‌ಗೆ ಬಲಿಯಾಯಿತು. ರಾಡಿನಿಂದ ಕಳಚಿ ಕೀವಿಗೆ ಬಂದ ಬ್ಯಾಕ್ಟೀರಿಯಾ ನಮ್ಮ ತಟ್ಟೆಯಲ್ಲಿ ‘ಎಸ್’ ಎನಿಸಿಕೊಳ್ಳುವುದೂ, ಮಾತ್ರೆ ನಡೆಯುತ್ತಿರುವಾಗ ಕೀವು ನಿಂತು ಆಮೇಲೆ ಮರಳುವುದೂ ಇದರಿಂದಲೇ. ರಿಪೋರ್ಟು ಸುಳ್ಳಲ್ಲ, ಡಾಕ್ಟರ ಮಾತೂ ಸುಳ್ಳಲ್ಲ.

ಹೊರಗಿನ ವಸ್ತುವೊಂದು ಒಳಗಿದ್ದರೆ ಲೆಕ್ಕ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಎಲೆಕ್ ಮತ್ತು ಕೊನೆನ್ ಎಂಬ ಸಂಶೋಧಕರು 1957ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಸ್ವಯಂಸೇವಕರ ಚರ್ಮದಲ್ಲಿ ಕೀವು ಬರಿಸಲು ಹತ್ತಾರು ಲಕ್ಷ ಸ್ಟ್ಯಾಫಿಲೊಕಾಕಸ್‌ಗಳು ಬೇಕಾಗಿದ್ದವು. ರೇಷ್ಮೆ ಹೊಲಿಗೆಯೊಂದನ್ನು ಇಟ್ಟಾಗ ನೂರರ ಆಸುಪಾಸು ಸಾಕಾದವು.

ಹೀಗಿರುವಾಗ ‘ಪವರ್ ಇರುವ’ ಔಷಧಿಯ ಬೇಡಿಕೆಗೆ ಅರ್ಥವಿಲ್ಲ. ಮೆಥಿಸಿಲಿನ್‌ಗೆ ಮಣಿಯುವ ತಳಿಗೆ ವ್ಯಾಂಕೋಮೈಸಿನ್ ಮೇಲ್ದರ್ಜೆಯದಲ್ಲ, ಕ್ಲೋಕ್ಸಾಸಿಲಿನ್ ಅಥವಾ ಸೆಫಾಜೋಲಿನ್‌ಗಿಂತ ಒಂದು ಕೈ ಕಡಿಮೆಯದೇ. ರಿಫಾಂಪಿಸಿನ್ ಬಯೋಫಿಲ್ಮಿನ ಮೇಲೆ ಕೆಲಸ ಮಾಡುತ್ತದೆ ಎಂಬುದು ನಿಜ, 1998ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದು ಅದನ್ನು ತೋರಿಸಿತು. ಆದರೆ ಅಲ್ಲಿ ಮೊದಲು ಗಾಯವನ್ನು ಬಿಡಿಸಿ ಶುಚಿ ಮಾಡಲಾಗಿತ್ತು, ಜೊತೆಗೆ ಇನ್ನೊಂದು ಔಷಧಿಯಿತ್ತು. ಒಂಟಿಯಾಗಿ ಕೊಟ್ಟರೆ ಸ್ಟ್ಯಾಫಿಲೊಕಾಕಸ್ ಬಹುಬೇಗ ನಿಜವಾದ ರೆಸಿಸ್ಟೆನ್ಸನ್ನೇ ಬೆಳೆಸಿಕೊಳ್ಳುತ್ತದೆ. ಕ್ಷಯದ ಮುಖ್ಯ ಔಷಧಿಯೂ ಅದೇ ಆದ್ದರಿಂದ, ರೋಗಿಗೆ ಕ್ಷಯವಿಲ್ಲವೆಂದು ಖಚಿತಪಡಿಸಿಕೊಳ್ಳದೆ ನಮ್ಮ ದೇಶದಲ್ಲಿ ಅದಕ್ಕೆ ಕೈಹಾಕುವುದು ಅಪಾಯ.

ಹಾಗೆಂದು ಪ್ರತಿಯೊಂದು ರಾಡನ್ನೂ ಕಿತ್ತೇ ತೀರಬೇಕೆಂದು ನಾನು ಹೇಳುತ್ತಿಲ್ಲ. ಸೋಂಕು ಹೊಸದಾಗಿದ್ದು ಲೋಹ ಅಲುಗಾಡದೆ ನಿಂತಿದ್ದರೆ, ಶುಚಿ ಮಾಡಿ ಅದನ್ನು ಉಳಿಸಿಕೊಳ್ಳುವುದುಂಟು. ಮೂಳೆ ಕೂಡುವವರೆಗೆ ಔಷಧಿಯಲ್ಲಿ ಕಾಲ ತಳ್ಳುವುದೂ ಉಂಟು. ಅದು ರೋಗಿಯನ್ನು ಮುಟ್ಟಿ ನೋಡಿದ ಸರ್ಜನ್ನರ ತೀರ್ಮಾನ, ತಟ್ಟೆ ನೋಡುವ ನನ್ನದಲ್ಲ.

ಸರ್ಜನ್ನರಲ್ಲಿ ನನ್ನದೂ ಒಂದು ಕೋರಿಕೆಯಿದೆ. ತೂತಿನ ಬಾಯಿಯಿಂದ ಒರೆಸಿದ ಹತ್ತಿಕಡ್ಡಿ ಚರ್ಮದ ಮೇಲಿನ ಬ್ಯಾಕ್ಟೀರಿಯಾವನ್ನೇ ಹೊತ್ತು ತರಬಹುದು. ಆಪರೇಷನ್ ಸಮಯದಲ್ಲಿ ಲೋಹದ ಪಕ್ಕದ ಅಂಗಾಂಶವನ್ನು ನಾಲ್ಕೈದು ಬೇರೆ ಬೇರೆ ಜಾಗಗಳಿಂದ ತೆಗೆದು, ಬೇರೆ ಬೇರೆ ಡಬ್ಬಿಗಳಲ್ಲಿ ಕಳುಹಿಸಬೇಕು; ರೋಗಿಯ ಸ್ಥಿತಿ ಅನುಮತಿಸಿದರೆ ಎರಡು ವಾರ ಮೊದಲೇ ಆಂಟಿಬಯೋಟಿಕ್ ನಿಲ್ಲಿಸಿರಬೇಕು. ತೆಗೆದ ಸ್ಕ್ರೂಗಳನ್ನೂ ಎಸೆಯದೆ ಕಳುಹಿಸಿದರೆ, ಸೌಕರ್ಯವಿರುವ ಲ್ಯಾಬುಗಳಲ್ಲಿ ಶ್ರವಣಾತೀತ (ಅಲ್ಟ್ರಾಸೌಂಡ್) ಕಂಪನದಿಂದ ಲೋಳೆಯನ್ನು ಉದುರಿಸಿ ಕಲ್ಚರ್ ಮಾಡಬಹುದು. ಡಬ್ಬಿ ಸ್ಟೆರೈಲ್ ಆಗಿರಲಿ, ಅದಕ್ಕೆ ಫಾರ್ಮಲಿನ್ ಮಾತ್ರ ಸುರಿಯಬೇಡಿ. ಫಾರ್ಮಲಿನ್‌ನಲ್ಲಿ ಮುಳುಗಿ ಬಂದದ್ದರಿಂದ ನಾವು ಏನನ್ನೂ ಬೆಳೆಸಲಾರೆವು.