ಪೇನ್ಸ್‌ವಿಕ್‌ನ ಸಮಾಧಿಗಳು ಮೂಲೆಯಲ್ಲೇ ಏಕೆ ಒಡೆಯುತ್ತವೆ?

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿರುವ ಪೇನ್ಸ್‌ವಿಕ್ ಊರಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ, ಒಪ್ಪವಾಗಿ ಕತ್ತರಿಸಿದ ಯೂ ಮರಗಳ ನಡುವೆ, 17 ಮತ್ತು 18ನೇ ಶತಮಾನಗಳ ಕೆತ್ತನೆಯ ಸಮಾಧಿಗಳು ಸಾಲುಗಟ್ಟಿ ನಿಂತಿವೆ. ಉಣ್ಣೆ ಬಟ್ಟೆಯ ವ್ಯಾಪಾರದಲ್ಲಿ ಹಣ ಕಂಡ ಮನೆತನಗಳು ಇವುಗಳಲ್ಲಿ ಹಲವನ್ನು ಕಟ್ಟಿಸಿದವು. ಕೆತ್ತಿದವರಲ್ಲಿ ಬ್ರಯನ್ ಕುಟುಂಬದವರು ಹೆಸರುವಾಸಿ. 1787ರಲ್ಲಿ ತೀರಿಕೊಂಡ ಜಾನ್ ಬ್ರಯನ್‌ನ ಸಮಾಧಿ ಪಿರಮಿಡ್ಡಿನ ಆಕಾರದಲ್ಲಿ ಅಲ್ಲಿಯೇ ಇದೆ.

ಪೆಟ್ಟಿಗೆಯಂತೆ ಕಾಣುವ ಇಂಥ ಸಮಾಧಿಯೊಳಗೆ ಶವ ಇರುವುದಿಲ್ಲ, ಅದು ನೆಲದಡಿಯಲ್ಲಿರುತ್ತದೆ. ಮೇಲಿನದು ತೆಳುವಾದ ಸುಣ್ಣಕಲ್ಲಿನ ಹಲಗೆಗಳನ್ನು ನಿಲ್ಲಿಸಿ, ಭಾರವಾದ ಮುಚ್ಚುಗಲ್ಲನ್ನು ಹೊರಿಸಿದ ಕಟ್ಟಡ. ಹಲಗೆಗಳು ಬಾಯ್ಬಿಡದಂತೆ ಮೂಲೆಗಳಲ್ಲಿ ಕಬ್ಬಿಣದ ಕೊಂಡಿಗಳನ್ನು ಹಾಕುತ್ತಿದ್ದರು. ತೊಂದರೆ ಹುಟ್ಟುವುದು ಇಲ್ಲಿಯೇ. ಮೇಲಿನ ಸಂದಿನಿಂದ ಇಳಿದ ಮಳೆನೀರು ಕೊಂಡಿಗೆ ತಗುಲಿದರೆ ಕಬ್ಬಿಣ ತುಕ್ಕು ಹಿಡಿದು ಮೊದಲಿನ ಗಾತ್ರದ ಹಲವು ಪಟ್ಟು ಉಬ್ಬುತ್ತದೆ, ಮೂಲೆಯ ಕಲ್ಲು ಒಳಗಿನಿಂದಲೇ ಸಿಡಿಯುತ್ತದೆ. ಹೊರಗೆ ನಿಂತು ನೋಡುವವರು ಬಿರುಕನ್ನು ಚಳಿಯ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಆಮೇಲೆ ಬರುವುದು ಸಿಮೆಂಟು. ನನ್ನ ಮಟ್ಟಿಗೆ ಅದು ಮಳೆಗಿಂತ ಕೆಟ್ಟ ಶತ್ರು. ಕಾಟ್ಸ್‌ವೋಲ್ಡ್ ಸೀಮೆಯ ಈ ಕಲ್ಲು ಮೀನಿನ ಮೊಟ್ಟೆಯಂಥ ಸಣ್ಣ ಕಾಳುಗಳಿಂದಾದದ್ದು. ನೀರನ್ನು ಹೀರಿಕೊಂಡು ಮತ್ತೆ ಆರಬಲ್ಲದು. ಸಂದಿಗೆ ಸುಣ್ಣದ ಗಾರೆ ತುಂಬಿದ್ದರೆ ತೇವ ಅದರ ಮೂಲಕ ಹೊರಬೀಳುತ್ತದೆ. ಗಡುಸಾದ ಸಿಮೆಂಟು ಆ ದಾರಿಯನ್ನು ಮುಚ್ಚಿದಾಗ ತೇವ ಪಕ್ಕದ ಕಲ್ಲಿನಿಂದಲೇ ಆರಬೇಕಾಗುತ್ತದೆ, ಅದರೊಡನೆ ಬಂದ ಲವಣಗಳು ಅಲ್ಲಿ ಹರಳುಗಟ್ಟಿ ಮೇಲ್ಪದರವನ್ನು ಉದುರಿಸುತ್ತವೆ. ಹಲವು ವರ್ಷಗಳ ಮೇಲೆ ನೋಡಿದರೆ ತೇಪೆಯ ಗೆರೆ ಚೂಪಾಗಿ ಮುಂದೆ ಚಾಚಿರುತ್ತದೆ. ಅದರ ಎರಡೂ ಬದಿಯಲ್ಲಿ ದೇವದೂತನ ಕೆನ್ನೆ, ರೆಕ್ಕೆಯ ಗರಿಗಳು ಪುಡಿಯಾಗಿ ಹಿಂದೆ ಸರಿದಿರುತ್ತವೆ.

ಹೀಗಾಗಿ ದುರಸ್ತಿಯೆಂದರೆ ಬಿರುಕಿಗೆ ಮೆತ್ತುವ ಕೆಲಸವಲ್ಲ. ಮುಚ್ಚುಗಲ್ಲನ್ನು ಎತ್ತಿ, ತುಕ್ಕಿನ ಕೊಂಡಿಗಳನ್ನು ತೆಗೆದು, ಸ್ಟೇನ್‌ಲೆಸ್ ಸ್ಟೀಲಿನವನ್ನು ಕೂರಿಸಿ, ಸಂದುಗಳಿಗೆ ಸುಣ್ಣದ ಗಾರೆಯನ್ನೇ ತುಂಬಬೇಕು. ಸಿಮೆಂಟನ್ನು ಕೆರೆಯುವಾಗ ಕಲ್ಲೇ ಕಿತ್ತುಬರುವಂತಿದ್ದರೆ ಅದನ್ನು ಅಲ್ಲಿಗೇ ಬಿಡುವುದು ಲೇಸು. ಕಲ್ಲಿನ ಮೇಲೆ ಹಬ್ಬಿದ ಬೂದು, ಹಳದಿ ಕಲ್ಲುಹೂವನ್ನು ಉಜ್ಜಿ ತೆಗೆಯುವ ಉತ್ಸಾಹವೂ ಬೇಡ. ಬ್ರಷ್ಷಿನೊಡನೆ ಅಕ್ಷರಗಳ ಅಂಚು ಸವೆದುಹೋಗುತ್ತದೆ. ಇಷ್ಟಕ್ಕೂ ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ ಅಂಗಳದಲ್ಲಿ ಇಂಥ ಕೆಲಸಕ್ಕೆ ಕೈಹಾಕುವ ಮೊದಲು ಆ ಧರ್ಮಪ್ರಾಂತ್ಯದ ವಿಧಿವತ್ತಾದ ಅನುಮತಿ ಪಡೆಯಬೇಕಾಗುತ್ತದೆ.