ಉಸಿರಿಗೆ ಮೂಗುದಾರ ಹಾಕುವ ಡೋಪಮೈನ್

ಡೋಪಮೈನ್ ಎಂದರೆ 'ಖುಷಿಯ ಹಾರ್ಮೋನ್' ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಬ್ಬಿ ಈಗ ವಿಜ್ಞಾನವೇ ಆಗಿಬಿಟ್ಟಿದೆ. ಯಾವ ರಾಸಾಯನಿಕಕ್ಕೂ ತನ್ನಷ್ಟಕ್ಕೆ ಒಂದು ಗುಣವಿಲ್ಲ. ಅದು ಯಾವ ಜೀವಕೋಶದ ಯಾವ ಗ್ರಾಹಿಗೆ (ರಿಸೆಪ್ಟರ್) ಹೋಗಿ ಕೂರುತ್ತದೆ ಎಂಬುದರಿಂದ ಅದರ ಕೆಲಸ ನಿರ್ಧಾರವಾಗುತ್ತದೆ. ನಮ್ಮ ಕುತ್ತಿಗೆಯಲ್ಲಿ ಡೋಪಮೈನ್‌ಗೆ ಖುಷಿಯ ಗೊಡವೆಯೇ ಇಲ್ಲ. ಅಲ್ಲಿ ಅದು ಉಸಿರಾಟವನ್ನು ತಗ್ಗಿಸುತ್ತದೆ.

ದವಡೆಯ ಮೂಲೆಯ ಕೆಳಗೆ, ತಲೆಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿ ಎರಡಾಗಿ ಕವಲೊಡೆಯುತ್ತದೆ. ಆ ಕವಲಿನಲ್ಲಿ, ಎರಡೂ ಬದಿಗೆ, ಅಕ್ಕಿಕಾಳಿನ ಗಾತ್ರದ ಕೆರೋಟಿಡ್ ಬಾಡಿ ಇದೆ. ತೂಕಕ್ಕೆ ಹೋಲಿಸಿದರೆ ದೇಹದ ಬೇರಾವ ಅಂಗಕ್ಕೂ ಇಷ್ಟು ರಕ್ತ ಹರಿಯುವುದಿಲ್ಲ. ರಕ್ತದ ಆಮ್ಲಜನಕದ ಒತ್ತಡ ಸುಮಾರು 60 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದರೆ ಇಲ್ಲಿಂದ ಮೆದುಳಿಗೆ ಹೋಗುವ ನರಸಂಕೇತಗಳು ಕಡಿದಾಗಿ ಏರುತ್ತವೆ, ಉಸಿರು ಜೋರಾಗುತ್ತದೆ. ಉಸಿರು ಬಿಗಿಹಿಡಿದಾಗ ಮೊದಲು ಕಾಡುವ ಚಡಪಡಿಕೆ ಮಾತ್ರ ಬಹುಪಾಲು ಇಂಗಾಲದ ಡೈಆಕ್ಸೈಡ್‌ನದು.

ಒಳಗಿನ ಕೆಲಸ ಹೀಗೆ. ಆಮ್ಲಜನಕ ಕಡಿಮೆಯಾದಾಗ, ಕೆರೋಟಿಡ್ ಬಾಡಿಯಲ್ಲಿ ಅದನ್ನು ಗ್ರಹಿಸುವ ಗ್ಲೋಮಸ್ ಕೋಶಗಳ ಪೊಟ್ಯಾಸಿಯಂ ಕಾಲುವೆಗಳು ಮುಚ್ಚುತ್ತವೆ. ಪೊಟ್ಯಾಸಿಯಂ ಹೊರಹೋಗದೆ ಕೋಶಪೊರೆಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ. ಕ್ಯಾಲ್ಸಿಯಂ ಕಾಲುವೆಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಸಂದೇಶವಾಹಕಗಳು ತುಂಬಿದ ಕಿರುಚೀಲಗಳು ಒಡೆಯುತ್ತವೆ. ಹೊರಬಿದ್ದವುಗಳಲ್ಲಿ ಎಟಿಪಿ ಮುಖ್ಯ. ಕೋಶದೊಳಗೆ ಶಕ್ತಿಯ ನಾಣ್ಯವೆಂದು ಪಾಠಪುಸ್ತಕ ಹೇಳುವ ಅದೇ ಎಟಿಪಿ ಇಲ್ಲಿ ಪಕ್ಕದ ನರತುದಿಯ ಪಿ2ಎಕ್ಸ್ ಗ್ರಾಹಿಗಳನ್ನು ತಟ್ಟಿ ಎಬ್ಬಿಸುತ್ತದೆ. ಪಿ2ಎಕ್ಸ್2 ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಆಮ್ಲಜನಕ ಕಡಿಮೆಯಾದರೂ ಉಸಿರು ಸರಿಯಾಗಿ ಏರುವುದಿಲ್ಲ.

ಅದೇ ಹೊತ್ತಿಗೆ, ಅದೇ ಕೋಶಗಳು ಡೋಪಮೈನನ್ನೂ ಬಿಡುತ್ತವೆ. ಅದು ಹೊರಬಂದು ತನ್ನನ್ನು ಬಿಟ್ಟ ಕೋಶದ ಮೇಲಿರುವ ಡಿ2 ಗ್ರಾಹಿಗೇ ಅಂಟಿ, ಒಳಬರುವ ಕ್ಯಾಲ್ಸಿಯಂ ತಗ್ಗಿಸುತ್ತದೆ. ಎಟಿಪಿ ಗಾಡಿ ಎಳೆಯುವ ಎತ್ತಾದರೆ ಡೋಪಮೈನ್ ಅದರ ಮೂಗುದಾರ. ಎಚ್ಚರಿಕೆ ಕೊಡುವ ಕೋಶವೇ ಎಚ್ಚರಿಕೆ ಅತಿಯಾಗದಂತೆಯೂ ನೋಡಿಕೊಳ್ಳುತ್ತದೆ ಎಂಬುದು ಈ ಅಂಗದ ಅತ್ಯಂತ ಸೊಗಸಾದ ಸಂಗತಿ.

ಇದು ಐಸಿಯುವಿನಲ್ಲಿ ಲೆಕ್ಕಕ್ಕೆ ಬರುವ ವಿಷಯ. ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 2ರಿಂದ 5 ಮೈಕ್ರೋಗ್ರಾಂನಷ್ಟು ಡೋಪಮೈನ್ ಡ್ರಿಪ್ ಕೊಟ್ಟರೂ, ಆಮ್ಲಜನಕದ ಕೊರತೆಗೆ ದೇಹ ತೋರುವ ಪ್ರತಿಕ್ರಿಯೆ ಮಂಕಾಗುತ್ತದೆ. ವೆಂಟಿಲೇಟರ್ ಪೂರ್ತಿ ಉಸಿರಾಡಿಸುವವರೆಗೆ ಇದು ಕಾಣುವುದಿಲ್ಲ. ರೋಗಿ ಸ್ವಂತವಾಗಿ ಉಸಿರಾಡಬೇಕಾದಾಗ ತೊಡಕಾಗಬಹುದು. ವಾಂತಿ ನಿಲ್ಲಿಸುವ ಡೊಂಪೆರಿಡೋನ್ ಡಿ2 ಗ್ರಾಹಿಯನ್ನು ಮುಚ್ಚುವುದರಿಂದ ಅದೇ ಪ್ರತಿಕ್ರಿಯೆಯನ್ನು ಹೆಚ್ಚಿಸುತ್ತದೆ. ಅದು ಮೆದುಳಿನೊಳಕ್ಕೆ ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ಕಡಿವಾಣ ಇರುವುದು ಮೆದುಳಿನ ಹೊರಗೇ ಎನ್ನಬಹುದು. ಉಸಿರಿಗೆಂದು ಅದನ್ನು ನುಂಗಬೇಡಿ, ಹೃದಯದ ಬಡಿತ ಹದಗೆಟ್ಟೀತು.

ಹೊರಬಿದ್ದ ಎಟಿಪಿ ಒಡೆದು ಅಡೆನೊಸಿನ್ ಆಗುತ್ತದೆ, ಅದೂ ಉಸಿರನ್ನು ಎಬ್ಬಿಸುತ್ತದೆ. ಹೃದಯದ ಅತಿವೇಗದ ಬಡಿತವನ್ನು ಹದಕ್ಕೆ ತರಲು ವೈದ್ಯರು 6 ಮಿ.ಗ್ರಾಂ. ಅಡೆನೊಸಿನ್ಅನ್ನು ರಕ್ತನಾಳಕ್ಕೆ ಸರ್ರನೆ ತಳ್ಳಿದಾಗ ರೋಗಿಗೆ ಉಸಿರೇ ಸಿಗದಂತಾಗುವುದಕ್ಕೆ ಇದೂ ಒಂದು ಕಾರಣ. ಕೆಲವೇ ಸೆಕೆಂಡುಗಳಲ್ಲಿ ಅಡೆನೊಸಿನ್ ಕರಗಿಹೋಗುತ್ತದೆ.

ಬಸಿರಿಯರ ಏದುಸಿರಿನ ಹಿಂದೆ ಪ್ರೊಜೆಸ್ಟೆರಾನ್ ಇದೆ. ಅದು ಮೆದುಳಿನ ಉಸಿರಾಟ ಕೇಂದ್ರವನ್ನು ಪ್ರಚೋದಿಸುತ್ತದೆ, ಕೆರೋಟಿಡ್ ಬಾಡಿಯನ್ನೂ ಸೂಕ್ಷ್ಮಗೊಳಿಸುತ್ತದೆ. ಸಾಮಾನ್ಯವಾಗಿ 40 ಮಿ.ಮೀ. ಪಾದರಸದ ಆಸುಪಾಸಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಒತ್ತಡ ಆಗ 30ರ ಹತ್ತಿರ ಇಳಿಯುತ್ತದೆ. ಇದು ಮಗುವಿನ ರಕ್ತದಿಂದ ಆ ಅನಿಲ ತಾಯಿಯ ಕಡೆಗೆ ಹರಿಯಲು ಅನುಕೂಲ. ದಿಢೀರನೆ ಬಂದ, ಅಥವಾ ಎದೆನೋವಿನ ಜೊತೆ ಬಂದ ಏದುಸಿರನ್ನು ಮಾತ್ರ 'ಬಸುರಿಯಲ್ಲಿ ಇದೆಲ್ಲ ಇದ್ದದ್ದೇ' ಎಂದು ತಳ್ಳಿಹಾಕಬಾರದು.

ಈ ಅಂಗ ರಕ್ತದ ರುಚಿ ನೋಡುವ ಸಂವೇದಕವೆಂದು 1920ರ ದಶಕದಲ್ಲಿ ನರತಂತುಗಳ ಜಾಡು ಹಿಡಿದು ಮೊದಲು ಸೂಚಿಸಿದವರು ಸ್ಪೇನಿನ ಫರ್ನಾಂಡೊ ಡಿ ಕ್ಯಾಸ್ಟ್ರೊ. ಅದನ್ನು ನಾಯಿಗಳಲ್ಲಿ ಪ್ರಯೋಗದಿಂದ ತೋರಿಸಿದ ಬೆಲ್ಜಿಯಂನ ಕಾರ್ನೇಯ್ ಹೇಮನ್ಸ್‌ಗೆ 1938ರ ನೊಬೆಲ್ ಬಂತು. ಡಿ ಕ್ಯಾಸ್ಟ್ರೊಗೆ ಅದರಲ್ಲಿ ಪಾಲು ಸಿಗದಿದ್ದದ್ದು ಅನ್ಯಾಯವೇ.

ಕೋವಿಡ್ ಕಾಲದಲ್ಲಿ ಕರ್ಪೂರ, ಲವಂಗ, ಓಮದ ಗಂಟು ಮೂಸಿದರೆ ಆಮ್ಲಜನಕ ಏರುತ್ತದೆಂದು ಸಂದೇಶಗಳು ಹರಿದಾಡಿದವು. ಕರ್ಪೂರ ಮೂಗಿನ ನರಗಳನ್ನು ಕೆರಳಿಸಿ ಗಾಳಿ ಸಲೀಸಾಗಿ ಓಡಾಡಿದಂತೆ ಅನ್ನಿಸುತ್ತದೆ, ಅಷ್ಟೇ. ರಕ್ತದ ಆಮ್ಲಜನಕ ಇದ್ದಲ್ಲೇ ಇರುತ್ತದೆ. ಆ ಹಾಯೆನಿಸುವಿಕೆಯನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದು ಪ್ರಾಣಕ್ಕೇ ಅಪಾಯ.

ಕೆರೋಟಿಡ್ ಬಾಡಿಗೊಂದು ದೊಡ್ಡ ಕುರುಡುತಾಣವೂ ಇದೆ. ಅದು ಅಳೆಯುವುದು ರಕ್ತದಲ್ಲಿ ಕರಗಿರುವ ಆಮ್ಲಜನಕದ ಒತ್ತಡವನ್ನು, ಹಿಮೋಗ್ಲೋಬಿನ್ ಹೊತ್ತಿರುವ ಒಟ್ಟು ಪ್ರಮಾಣವನ್ನಲ್ಲ. ಕಿಟಕಿ ಮುಚ್ಚಿದ ಬಚ್ಚಲಮನೆಯಲ್ಲಿ ಗ್ಯಾಸ್ ಗೀಸರ್ ಉರಿದು ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡಾಗ ಹಿಮೋಗ್ಲೋಬಿನ್ ಆ ವಿಷಾನಿಲಕ್ಕೆ ಅಂಟಿಕೊಳ್ಳುತ್ತದೆ. ಕರಗಿದ ಆಮ್ಲಜನಕ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಎಟಿಪಿಯ ಕರೆ ಹೊರಡುವುದಿಲ್ಲ, ಏದುಸಿರು ಬರದೆಯೇ ತಲೆ ಸುತ್ತಿ ಮನುಷ್ಯ ಕುಸಿಯಬಹುದು. ಬೆರಳಿಗೆ ಹಾಕುವ ಸಾಮಾನ್ಯ ಪಲ್ಸ್ ಆಕ್ಸಿಮೀಟರ್ ಕೂಡ ಆಗ ಎಲ್ಲ ಸರಿಯಿದೆ ಎಂಬಂಥ ಅಂಕಿಯನ್ನೇ ತೋರಿಸುತ್ತದೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸಬೇಕಾದದ್ದು ಇದಕ್ಕಾಗಿಯೇ.