ಐಸ್ ಸ್ಲರಿಗೆ ಉಪ್ಪು: ಹದ ತಪ್ಪುವುದೆಲ್ಲಿ?

ಬಂಗುಡೆ, ಬೂತಾಯಿಯಂಥ ಮೀನನ್ನು ಬೇಗ ತಣಿಸಲು ಪುಡಿ ಮಾಡಿದ ಬ್ಲಾಕ್ ಐಸ್‌ಗಿಂತ ಐಸ್ ಸ್ಲರಿ ಮೇಲು. ಉಪ್ಪುನೀರಿನಲ್ಲಿ ತೇಲುವ ಸಣ್ಣ ಹರಳುಗಳು ಮೀನಿನ ಮೈಯನ್ನು ಎಲ್ಲ ಕಡೆಯಿಂದಲೂ ಮುಟ್ಟುತ್ತವೆ, ಚರ್ಮ ಗೀರುವುದಿಲ್ಲ. ಆದರೆ ಉಪ್ಪಿನ ಹದ ಒಮ್ಮೆ ನೋಡಿ ಬಿಡುವಂಥದ್ದಲ್ಲ. ಸ್ಲರಿ ತಯಾರಿಸುವ ಯಂತ್ರ ಓಡುತ್ತಿರುವಾಗಲೇ ಅದು ಬದಲಾಗುತ್ತದೆ.

ಹೆಪ್ಪುಗಟ್ಟುವುದು ನೀರು ಮಾತ್ರ, ಉಪ್ಪು ಉಳಿದ ದ್ರಾವಣಕ್ಕೇ ಸೇರುತ್ತದೆ. 3.5% ಉಪ್ಪುನೀರು ಸುಮಾರು -2.1 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಅದರಲ್ಲಿ 30% ಐಸ್ ಆಗುವಷ್ಟರಲ್ಲಿ ಉಳಿದ ದ್ರಾವಣ 5%, ತಾಪಮಾನ -3 ಡಿಗ್ರಿ. 5%ರಿಂದಲೇ ಶುರು ಮಾಡಿದರೆ ಅಷ್ಟೇ ಐಸ್‌ಗೆ -4.5 ಡಿಗ್ರಿ ಬೇಕು. ಮೀನಿನ ಮಾಂಸವೇ -1ರಿಂದ -2ರ ನಡುವೆ ಹೆಪ್ಪುಗಟ್ಟಲು ಶುರುವಾಗುವುದರಿಂದ ಅಂಥ ಸ್ಲರಿಯಲ್ಲಿ ಚರ್ಮ ಬಿರುಸಾಗುತ್ತದೆ, ಕಣ್ಣು ಮಂಜಾಗುತ್ತದೆ, ಮಾಂಸ ಉಪ್ಪು ಹೀರುತ್ತದೆ. 3.5%ರಲ್ಲೂ ಮೀನಿನ ನಡುಭಾಗ 0 ಡಿಗ್ರಿ ಮುಟ್ಟಿದೊಡನೆ ನೀರು ಬಸಿದು ಮಾಮೂಲಿ ಐಸ್‌ಗೆ ಹಾಕಿಬಿಡಿ.

ಉಪ್ಪು ಕಡಿಮೆಯಾದರೆ ಪೆಟ್ಟು ಬೀಳುವುದು ಯಂತ್ರಕ್ಕೆ. ಸಿಹಿನೀರಿನ ಐಸ್ ಯಂತ್ರದ ತಣ್ಣನೆಯ ಸಿಲಿಂಡರಿನ ಒಳಗೋಡೆಗೆ ಗಟ್ಟಿಯಾಗಿ ಅಂಟುತ್ತದೆ. ಉಪ್ಪು ಸಾಕಷ್ಟಿದ್ದರೆ ಹರಳು ಮೆತ್ತಗಿದ್ದು, ಗೋಡೆಯಿಂದ ಐಸ್ ಕೆರೆದು ತೆಗೆಯುವ ಸ್ಕ್ರೇಪರ್ ಬ್ಲೇಡಿಗೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟುಗಳು ಹೊರಡುವಾಗ ಇದು ನೆನಪಿರಲಿ. ಆಗ ಮಂಗಳೂರಿನ ನೇತ್ರಾವತಿ-ಗುರುಪುರ ಅಳಿವೆಯ ನೀರಲ್ಲಿ ಮಳೆನೀರಿನ ಪಾಲು ಹೆಚ್ಚು. ಬಂದರಿನ ನೀರನ್ನೇ ಯಂತ್ರಕ್ಕೆ ಬಿಟ್ಟರೆ ಬ್ಲೇಡ್ ತಿರುಗಿಸುವ ಮೋಟಾರಿನ ಆಂಪ್ಸ್ (ಎಳೆಯುವ ಕರೆಂಟು) ಏರಿ ಓವರ್‌ಲೋಡ್ ಟ್ರಿಪ್ ಆಗಿ ನಿಲ್ಲುತ್ತದೆ. ಆ ನೀರು ಶುಚಿಯೂ ಅಲ್ಲ. ಕುಡಿಯಲು ಯೋಗ್ಯವಾದ 1000 ಲೀಟರ್ ನೀರಿಗೆ 36 ಕೆಜಿ ಶುದ್ಧ ಉಪ್ಪನ್ನು ಪೂರ್ತಿ ಕರಗಿಸಿ, ಸೋಸಿ ಬಿಡುವುದೇ ಸರಿ.

ಅಳತೆಗೆ ಉಪ್ಪಿನ ರಿಫ್ರಾಕ್ಟೋಮೀಟರ್ (ಒಂದು ಹನಿ ನೀರಲ್ಲಿ ಬೆಳಕು ಬಾಗುವುದರಿಂದ ಉಪ್ಪಿನ ಪ್ರಮಾಣ ತೋರಿಸುವ ಸಾಧನ) ಸಾಕು. ಶುರುವಿನ ಉಪ್ಪುನೀರನ್ನೊಮ್ಮೆ, ಸ್ಲರಿಯಿಂದ ಐಸ್ ಸೋಸಿ ತೆಗೆದ ನೀರನ್ನೊಮ್ಮೆ ನೋಡಿ. ಮೊದಲನೆಯದು 3.5, ಎರಡನೆಯದು 4.4 ಬಂದರೆ 3.5ನ್ನು 4.4ರಿಂದ ಭಾಗಿಸಿ 1ರಿಂದ ಕಳೆಯಿರಿ: ಐಸ್ ಸುಮಾರು 20%. ಸ್ಲರಿ ತೆಳುವಾಯಿತೆಂದು ಟ್ಯಾಂಕಿಗೆ ಉಪ್ಪು ಸುರಿಯುವವರಿದ್ದಾರೆ. ತಾಪಮಾನ ಇಳಿಯುತ್ತದೆ ನಿಜ, ಆದರೆ ಇದ್ದ ಐಸೂ ಕರಗುತ್ತದೆ.

ಉಪ್ಪಿನಂತೆಯೇ ನೀರು ಹೆಪ್ಪುಗಟ್ಟುವ ತಾಪಮಾನ ಇಳಿಸುವ ದ್ರವಗಳೂ ಇವೆ. ಅವುಗಳಲ್ಲಿ ಎಥಿಲೀನ್ ಗ್ಲೈಕಾಲ್ ಮೀನು ಮುಟ್ಟುವ ಸ್ಲರಿಗೆ ಸರ್ವಥಾ ಬೇಡ, ಅದು ವಿಷ. ಕೋಲ್ಡ್ ಸ್ಟೋರೇಜಿನ ಮುಚ್ಚಿದ ಪೈಪುಗಳಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಆಗಬಹುದು. ಉಕ್ಕಿಗೆ ಉಪ್ಪಿನಷ್ಟು ತುಕ್ಕು ತರುವುದಿಲ್ಲ, ಆದರೆ ದ್ರಾವಣ ಮಂದವಾಗಿ ಪಂಪು ಹೆಚ್ಚು ಕರೆಂಟು ತಿನ್ನುತ್ತದೆ. ಯಾವುದನ್ನು ಬೆರೆಸಿದರೂ ಟ್ಯಾಂಕಿನ ಕಲಕುವ ರೆಕ್ಕೆ ನಿಲ್ಲಬಾರದು. ನಿಂತರೆ ಐಸ್ ಮೇಲೆ ತೇಲಿ ಗಡ್ಡೆಕಟ್ಟುತ್ತದೆ, ಪಂಪಿಗೆ ಬರುವುದು ಬರೀ ಉಪ್ಪುನೀರು.